ರಷ್ಯನ್ ಡಿಗ್ರಿ ಮಾಡೋದಾದರೆ ಎಲ್ಲಿ: ದೆಹಲಿಯಾ, ಹೈದರಾಬಾದಾ, ಮಾಸ್ಕೋನಾ, ಬೆಂಗಳೂರಲ್ಲೇನಾ?

ನಾನು ಬೆಂಗಳೂರಿನಲ್ಲಿ ಸಂಜೆ ಹೊತ್ತು ರಷ್ಯನ್ ಕಲಿಸುತ್ತೇನೆ. ಮೊದಲ ದಿನ ಬೋರ್ಡಿನ ಮೇಲೆ ಬರೆಯುವ ವಾಕ್ಯ ಯಾವಾಗಲೂ ಒಂದೇ: "ಮ್ನ್ಯೆ ದ್ವಾತ್ಸತ್ ಲ್ಯೆತ್." ಪದಕ್ಕೆ ಪದ ಇಟ್ಟರೆ "ನನಗೆ ಇಪ್ಪತ್ತು ವರ್ಷ". ಅದರ ಕೆಳಗೆ "ಉ ಮಿನ್ಯಾ ಯೆಸ್ತ್ ಕ್ನೀಗ", ಅಂದರೆ "ನನ್ನ ಹತ್ತಿರ ಪುಸ್ತಕ ಇದೆ". ಆಮೇಲೆ "ಮ್ನ್ಯೆ ಖೋಲದ್ನ", "ನನಗೆ ಚಳಿ". ಕೊನೆಗೆ "ಓನ್ ಸ್ತುದ್ಯೆಂತ್", "ಅವನು ವಿದ್ಯಾರ್ಥಿ". ಇಂಗ್ಲಿಷಿನ ಮೂಲಕ ಹೋದವರು ಈ ನಾಲ್ಕೂ ಕಡೆ ಮುಗ್ಗರಿಸುತ್ತಾರೆ. ಕನ್ನಡದಿಂದ ಹೋದವರು ನೇರವಾಗಿ ದಾಟುತ್ತಾರೆ. ರಷ್ಯನ್ನಿನ ಆರು ವಿಭಕ್ತಿ ಕೇಳಿ ಯುರೋಪಿನ ವಿದ್ಯಾರ್ಥಿಗಳು ಬೆಚ್ಚುತ್ತಾರಂತೆ. ನಾವು ಹೈಸ್ಕೂಲಲ್ಲೇ "ಉ, ಅನ್ನು, ಇಂದ, ಗೆ" ಅಂತ ಬಾಯಿಪಾಠ ಮಾಡಿದವರು ಅಲ್ವಾ? "ನೀನು", "ನೀವು" ಎಂಬ ಭೇದವೂ ಅಲ್ಲಿ ಹಾಗೇ ಇದೆ.

ಇದನ್ನು ಮೊದಲೇ ಹೇಳೋದಕ್ಕೆ ಕಾರಣ ಇದೆ. ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ ನನಗೆ ಫೋನ್ ಮಾಡಿ ಕೇಳುವುದು "ಭಾಷೆ ತುಂಬಾ ಕಷ್ಟ ಅಂತೆ, ಹೌದಾ?" ಅಂತ. ಕೇಳಬೇಕಾದ ಪ್ರಶ್ನೆ ಬೇರೆ. ಮೊದಲ ವರ್ಷ ಎಲ್ಲಿ ಕಲಿತರೂ ನಡೆಯುತ್ತದೆ. 33 ಅಕ್ಷರ ಎರಡು ವಾರದಲ್ಲಿ ಕೈಗೆ ಬರುತ್ತವೆ. ಎರಡನೇ ವರ್ಷ ನೀವು ಎಲ್ಲಿರುತ್ತೀರಿ, ಯಾರ ನಡುವೆ ಇರುತ್ತೀರಿ ಅನ್ನೋದೇ ನಿಜವಾದ ಆಯ್ಕೆ. ನಾನು ಕಾಲೇಜುಗಳನ್ನು ಹೋಲಿಸುವುದೂ ಇದೇ ಅಳತೆಗೋಲಿನಿಂದ.

ಎರಡನೇ ವರ್ಷದಲ್ಲಿ ಏನಾಗುತ್ತದೆ

ಕನ್ನಡದಲ್ಲಿ "ಹೋಗು" ಅಂದರೆ ಸಾಕು. ರಷ್ಯನ್ ಸುಮ್ಮನೆ ಬಿಡುವುದಿಲ್ಲ. ನಡೆದು ಹೋಗುತ್ತೀರಾ, ಗಾಡಿಯಲ್ಲಾ? ಈಗ ಒಂದು ಸಲವಾ, ದಿನಾ ಹೋಗಿ ಬರೋದಾ? ಒಂದೊಂದಕ್ಕೂ ಬೇರೆ ಕ್ರಿಯಾಪದ. "ನಾಳೆ ಮೈಸೂರಿಗೆ ಹೋಗ್ತೀನಿ" ಅನ್ನೋದಕ್ಕೆ "ಯೇದು" ಅನ್ನಬೇಕು. "ಇದೂ" ಅಂದರೆ ನಡೆದೇ ಹೊರಟಿರಿ ಅಂತ ಅರ್ಥ. ಪ್ರತಿ ವಾರ ಹೋಗುವವರು "ಯೆಜ್ಝು" ಅನ್ನಬೇಕು.

ಅದಕ್ಕಿಂತ ದೊಡ್ಡದು ಕ್ರಿಯಾಪದಗಳ ಜೋಡಿ. ಹೆಚ್ಚುಕಡಿಮೆ ಪ್ರತಿ ಕ್ರಿಯೆಗೂ ಎರಡು ರೂಪ: ಒಂದು ನಡೆಯುತ್ತಿದ್ದ ಕೆಲಸಕ್ಕೆ, ಇನ್ನೊಂದು ಮುಗಿದ ಕೆಲಸಕ್ಕೆ. ನಾನು ತರಗತಿಯಲ್ಲಿ ಕೊಡುವ ಉದಾಹರಣೆ: "ಓನ್ ರಿಷಾಲ್ ಜದಾಚು, ನೊ ನೆ ರಿಶೀಲ್." ಲೆಕ್ಕ ಮಾಡುತ್ತಾ ಕೂತಿದ್ದ, ಆದರೆ ಬಿಡಿಸಲಿಲ್ಲ. "ಮಾಡುತ್ತಾ ಕೂತಿದ್ದ" ಅನ್ನುವುದೆಲ್ಲ "ರಿಷಾಲ್" ಒಂದೇ ಪದದಲ್ಲಿದೆ. "ಬಿಡಿಸಿದ" ಅನ್ನುವುದಕ್ಕೆ "ರಿಶೀಲ್". ನಮ್ಮ "ಬರೆದೆ", "ಬರೆದುಬಿಟ್ಟೆ" ನೆನಪಿಸಿದರೆ ಮಕ್ಕಳ ಮುಖ ಅರಳುತ್ತದೆ. ಅರ್ಥವಾಗುವುದು ಸುಲಭ. ಮಾತಿನ ನಡುವೆ ಅರೆಕ್ಷಣದಲ್ಲಿ ಸರಿಯಾದದ್ದು ಬಾಯಿಗೆ ಬರುವುದು ಬಹಳ ಕಷ್ಟ. ಅದು ಸಾವಿರಾರು ಸಲ ಕೇಳಿಯೇ ಬರಬೇಕು.

ಅಮೆರಿಕ ತನ್ನ ರಾಜತಾಂತ್ರಿಕರಿಗೆ ರಷ್ಯನ್ ಕಲಿಸುವಾಗ 44 ವಾರ, 1100 ತರಗತಿ ಗಂಟೆ ಅಂತ ಲೆಕ್ಕ ಇಟ್ಟುಕೊಂಡಿದೆ. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ, ಸರಿ. ಆದರೂ ಈ 1100 ಅನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೆಹಲಿ ಮತ್ತು ಹೈದರಾಬಾದ್

ಭಾರತದಲ್ಲಿ ಸೊನ್ನೆಯಿಂದ ಶುರುಮಾಡಿ ರಷ್ಯನ್ನಿನಲ್ಲೇ ಬಿಎ ಆನರ್ಸ್ ಮಾಡಬೇಕು ಅಂದರೆ ಮೊದಲು ನೆನಪಾಗುವ ಹೆಸರು ಎರಡು. ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ). ದೆಹಲಿ ವಿಶ್ವವಿದ್ಯಾಲಯ, ಮುಂಬೈ ವಿಶ್ವವಿದ್ಯಾಲಯ, ತಿರುವನಂತಪುರದ ಕೇರಳ ವಿಶ್ವವಿದ್ಯಾಲಯದಲ್ಲೂ ರಷ್ಯನ್ ವಿಭಾಗಗಳಿವೆ. ಆದರೆ ಪಿಯುಸಿ ಆದ ತಕ್ಷಣ ಸೇರುವವರಿಗೆ ನಾನು ಈ ಎರಡನ್ನೇ ಮುಂದಿಡುತ್ತೇನೆ.

ಜೆಎನ್‌ಯುನ ರಷ್ಯನ್ ಕೇಂದ್ರ ಆ ವಿಶ್ವವಿದ್ಯಾಲಯಕ್ಕಿಂತಲೂ ಹಳೆಯದು. 1965ರಲ್ಲಿ ರಷ್ಯನ್ ಅಧ್ಯಯನ ಸಂಸ್ಥೆಯಾಗಿ ಶುರುವಾಗಿ, 1969ರಲ್ಲಿ ಜೆಎನ್‌ಯು ಹುಟ್ಟಿದಾಗ ಅದರೊಳಗೆ ಸೇರಿತು. ಬಿಎ, ಎಂಎ, ಪಿಎಚ್‌ಡಿ ಒಂದೇ ಸೂರಿನಡಿ ಸಿಗುತ್ತವೆ. ಫೀಸು ತೀರಾ ಕಡಿಮೆ, ಹಾಸ್ಟೆಲ್ ಸಿಕ್ಕರೆ ಬಡ ಮನೆಯ ಮಕ್ಕಳೂ ಓದಬಹುದು. 2022ರಿಂದ ಇಲ್ಲಿ ಸೇರಲು ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ದೆಹಲಿಯ ಇನ್ನೊಂದು ಲಾಭ ಕ್ಯಾಂಪಸ್ಸಿನ ಹೊರಗಿದೆ. ರಾಯಭಾರ ಕಚೇರಿ, ರಷ್ಯಾ ಸರ್ಕಾರದ ಸಾಂಸ್ಕೃತಿಕ ಕೇಂದ್ರವಾದ ರಷ್ಯನ್ ಹೌಸ್, ನಿಯೋಗಗಳು, ವ್ಯಾಪಾರ ಮೇಳಗಳು. ಎರಡನೇ ವರ್ಷದ ವಿದ್ಯಾರ್ಥಿಗೂ ಮೇಳದಲ್ಲಿ ಎರಡು ದಿನ ದುಭಾಷಿಯ ಕೆಲಸ ಸಿಗುವ ಸಾಧ್ಯತೆ ಇರುವ ಊರು ಅದು. ಆ ಎರಡು ದಿನ ಇಡೀ ಸೆಮಿಸ್ಟರಿನಷ್ಟು ಕಲಿಸುತ್ತದೆ.

ತೊಂದರೆ ಏನಂದರೆ ತರಗತಿ ಮುಗಿದ ಮೇಲೆ ಸುತ್ತಮುತ್ತ ಹಿಂದಿ. ಹಿಂದಿ ಅಷ್ಟಾಗಿ ಬಾರದ ನಮ್ಮ ಹಳ್ಳಿಯ ಮಕ್ಕಳು ಮೊದಲ ವರ್ಷ ಎರಡು ಭಾಷೆ ಒಟ್ಟಿಗೆ ಕಲಿಯುತ್ತಾರೆ. ಅದರಲ್ಲಿ ಗೆಲ್ಲುವುದು ಹಿಂದಿ.

ಇಫ್ಲು 1958ರಲ್ಲಿ ಇಂಗ್ಲಿಷ್ ಕಲಿಸುವ ಸಂಸ್ಥೆಯಾಗಿ ಹುಟ್ಟಿತು. 1972ರಲ್ಲಿ ವಿದೇಶಿ ಭಾಷೆಗಳು ಸೇರಿದವು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಆ ಕ್ಯಾಂಪಸ್ಸೇ ಭಾಷೆ ಕಲಿಸುವವರ ಊರು. ಪಕ್ಕದ ಕೋಣೆಯಲ್ಲಿ ಅರೇಬಿಕ್, ಎದುರಿಗೆ ಜಪಾನೀಸ್. ಭಾಷೆ ಕಲಿಸೋದು ಹೇಗೆ ಅನ್ನೋದನ್ನೇ ಶಾಸ್ತ್ರವಾಗಿ ಓದುವ ವಾತಾವರಣ ಅಲ್ಲಿದೆ. ಮುಂದೆ ಮೇಷ್ಟ್ರಾಗಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೊಂದು ಸರಳ ಕಾರಣವೂ ಇದೆ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಕಲಬುರಗಿ, ರಾಯಚೂರಿನ ಮಕ್ಕಳಿಗೂ ಬೆಂಗಳೂರಿಗಿಂತ ಹತ್ತಿರ. ಹದಿನೆಂಟರ ವಯಸ್ಸಲ್ಲಿ, ಅದರಲ್ಲೂ ಮೊದಲ ಸಲ ಮನೆ ಬಿಟ್ಟು ಹೋಗುವ ಹೆಣ್ಣುಮಕ್ಕಳಿಗೆ, ಹಬ್ಬಕ್ಕೆ ಮನೆಗೆ ಬಂದು ಹೋಗುವಷ್ಟು ದೂರ ಅನ್ನೋದು ಸಣ್ಣ ಮಾತಲ್ಲ.

ಬೀದರ್ ಹೆಸರು ಬಂದದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ. ವೋಲ್ಗಾ ನದಿಯ ದಂಡೆಯ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಬಹಮನಿ ಸುಲ್ತಾನರ ರಾಜಧಾನಿ ಬೀದರಿಗೆ ಬಂದಿದ್ದ. ಅಲ್ಲಿ ಕಂಡ ಪೇಟೆ, ಸುಲ್ತಾನನ ಮೆರವಣಿಗೆ, ಜನರ ಉಡುಗೆ ಎಲ್ಲವನ್ನೂ ಬರೆದಿಟ್ಟ. ರಷ್ಯನ್ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಆ ಬರಹ ಬರುತ್ತದೆ. ನಮ್ಮ ಬೀದರ್ ಅವರ ಪಠ್ಯದಲ್ಲಿದೆ!

ಎರಡನೇ ವರ್ಷದ ಅಳತೆಗೋಲಿನಲ್ಲಿ ಇವೆರಡೂ ಸಮ. ಎರಡು ಕಡೆಯೂ ವ್ಯಾಕರಣದ ಬುನಾದಿ ಗಟ್ಟಿಯಾಗುತ್ತದೆ, ಕಿವಿ ಮಾತ್ರ ಹಿಂದೆ ಉಳಿಯುತ್ತದೆ. ಹಾಗಾಗಿ ಸೇರುವ ಮೊದಲೇ ಕೇಳಿ: ಓದಿನ ನಡುವೆ ರಷ್ಯಾಕ್ಕೆ ಒಂದು ಸೆಮಿಸ್ಟರ್ ಅಥವಾ ಬೇಸಿಗೆ ಕೋರ್ಸಿಗೆ ಕಳಿಸುವ ಒಪ್ಪಂದ ಈಗ ಚಾಲ್ತಿಯಲ್ಲಿದೆಯಾ? ಹೋದ ವರ್ಷ ಎಷ್ಟು ಜನ ಹೋದರು? ರಷ್ಯಾದಿಂದ ಬಂದ ಅಧ್ಯಾಪಕರು ಈ ವರ್ಷ ಇದ್ದಾರಾ? ಕಟ್ಟಡದ ಫೋಟೋಗಿಂತ ಈ ಮೂರು ಉತ್ತರ ಮುಖ್ಯ.

ನೇರ ರಷ್ಯಾಕ್ಕೆ

ಬಹಳ ಮಕ್ಕಳ ಆಸೆ ಇದು. ನನಗೂ ಈ ಆಸೆ ಅರ್ಥವಾಗುತ್ತದೆ. ನವಕರ್ನಾಟಕದ ಅಂಗಡಿಯಿಂದ ತಂದ ಸೋವಿಯತ್ ಮಕ್ಕಳ ಪುಸ್ತಕಗಳ ಹಿಮ, ಬರ್ಚ್ ಮರ, ಸಮೊವಾರ್ ನೋಡುತ್ತಾ ಬೆಳೆದವಳು ನಾನು.

ಲೆಕ್ಕ ಹೀಗಿದೆ. ಮೊದಲ ಒಂದು ವರ್ಷ ತಯಾರಿ ವಿಭಾಗ. ಅಲ್ಲಿಯವರು ಅದನ್ನು "ಪೊದ್‌ಫಾಕ್" ಅನ್ನುತ್ತಾರೆ. ಆ ವರ್ಷ ಪೂರ್ತಿ ಭಾಷೆಯೇ. ವರ್ಷದ ಕೊನೆಗೆ ವಿದೇಶಿಯರ ರಷ್ಯನ್ ಅಳೆಯುವ ಟಾರ್ಫ್ಲ್ ಪರೀಕ್ಷೆಯ ಮೊದಲನೇ ಹಂತ ಮುಟ್ಟಬೇಕು, ಅಂದರೆ ಸುಮಾರು 2300 ಪದಗಳ ಶಬ್ದಭಂಡಾರ. ಆಮೇಲೆ ನಾಲ್ಕು ವರ್ಷದ ಬ್ಯಾಚುಲರ್. ಒಟ್ಟು ಐದು ವರ್ಷ. ಭಾರತದಲ್ಲಿ ಅಷ್ಟು ಹೊತ್ತಿಗೆ ಬಿಎ, ಎಂಎ ಎರಡೂ ಮುಗಿದಿರುತ್ತವೆ.

ವಿದೇಶಿಯರಿಗೆ ರಷ್ಯನ್ ಕಲಿಸೋದಕ್ಕೇ ಹುಟ್ಟಿದ ಸಂಸ್ಥೆ ಮಾಸ್ಕೋದ ಪುಷ್ಕಿನ್ ಇನ್‌ಸ್ಟಿಟ್ಯೂಟ್, 1966ರದ್ದು. ಅಲ್ಲಿಂದ ಸ್ವಲ್ಪ ದೂರದಲ್ಲೇ 1960ರಲ್ಲಿ ಶುರುವಾದ ಜನಮೈತ್ರಿ ವಿಶ್ವವಿದ್ಯಾಲಯ, ಅಂದರೆ ಆರ್‌ಯುಡಿಎನ್ ಇದೆ. ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳಿಗಾಗಿಯೇ ಕಟ್ಟಿದ್ದು. ಇಂಥ ಕಡೆ ನಿಮ್ಮ ಗುಂಪಿನಲ್ಲಿ ಚೀನಾ, ವಿಯೆಟ್ನಾಂ, ಆಫ್ರಿಕಾದವರು ಇರುತ್ತಾರೆ. ಎಲ್ಲರಿಗೂ ಸೇರಿದ ಭಾಷೆ ರಷ್ಯನ್ ಒಂದೇ. ಬೇರೆ ದಾರಿಯಿಲ್ಲದೆ ಅದರಲ್ಲೇ ಮಾತಾಡುತ್ತೀರಿ. ಇದು ದೊಡ್ಡ ಅನುಕೂಲ.

ಮಾಸ್ಕೋ ರಾಜ್ಯ ವಿಶ್ವವಿದ್ಯಾಲಯ, ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಗಳ ಹೆಸರು ದೊಡ್ಡದು. ಆದರೆ ಸ್ಥಳೀಯರ ಜತೆ ಒಂದೇ ಗುಂಪಿನಲ್ಲಿ ಫಿಲಾಲಜಿಗೆ (ಭಾಷೆ, ಸಾಹಿತ್ಯದ ಅಧ್ಯಯನಕ್ಕೆ) ಸೇರಿದರೆ ಏನಾಗುತ್ತದೆ ತಿಳಿದುಕೊಳ್ಳಿ. ಪಕ್ಕದಲ್ಲಿ ಕೂತವರು ಟಾಲ್‌ಸ್ಟಾಯ್, ದೊಸ್ತೊಯೆವ್‌ಸ್ಕಿಯನ್ನು ಶಾಲೆಯಲ್ಲೇ ಓದಿ ಬಂದಿರುತ್ತಾರೆ. ಜತೆಗೆ ಹಳೆಯ ಚರ್ಚ್ ಸ್ಲಾವಿಕ್ ಭಾಷೆ. ಕನ್ನಡ ಈಗಷ್ಟೇ ಕಲಿತವರನ್ನು ಹಳಗನ್ನಡದ ತರಗತಿಗೆ ಕೂರಿಸಿದ ಹಾಗೆ. ಬ್ಯಾಚುಲರ್‌ಗೆ ವಿದೇಶಿಯರಿಗೆಂದೇ ಇರುವ ವಿಭಾಗ ಹಿಡಿದು, ಎಂಎಗೆ ಸ್ಥಳೀಯರ ನಡುವೆ ಹೋಗುವುದು ಒಳ್ಳೆಯದು.

ಸಣ್ಣ ಊರುಗಳನ್ನೂ ನೋಡಿ. ಕಜಾನ್ ನನಗೆ ಬಹಳ ಇಷ್ಟದ ಆಯ್ಕೆ. 1804ರ ವಿಶ್ವವಿದ್ಯಾಲಯ, ಟಾಲ್‌ಸ್ಟಾಯ್ ಪೂರ್ವದೇಶದ ಭಾಷೆಗಳನ್ನು ಓದಲು ಸೇರಿ ಪದವಿ ಮುಗಿಸದೆ ಬಿಟ್ಟುಬಂದ ಜಾಗ. ಬೀದಿಯ ಬೋರ್ಡುಗಳು ರಷ್ಯನ್ ಮತ್ತು ಸ್ಥಳೀಯರ ಭಾಷೆಯಾದ ತಾತಾರ್ ಎರಡರಲ್ಲೂ ಇರುತ್ತವೆ. ಎರಡು ಭಾಷೆ ಅಕ್ಕಪಕ್ಕ ಬದುಕುವುದನ್ನು ಬೆಳಗಾವಿಯಲ್ಲೋ ಮಂಗಳೂರಲ್ಲೋ ಕಂಡವರಿಗೆ ಅದು ಹೊಸದಲ್ಲ. ರಷ್ಯಾ ಅಂದರೆ ರಷ್ಯನ್ನರ ಸಂಸ್ಕೃತಿ ಮಾತ್ರ ಅಲ್ಲ ಅನ್ನೋದು ಅಲ್ಲಿ ಪುಸ್ತಕ ತೆರೆಯದೆಯೇ ತಿಳಿಯುತ್ತದೆ.

ಪರೀಕ್ಷೆಯ ರೀತಿಯೂ ಬೇರೆ. ಮೇಜಿನ ಮೇಲೆ ಚೀಟಿಗಳನ್ನು ಮಗುಚಿ ಇಟ್ಟಿರುತ್ತಾರೆ. ಒಂದನ್ನು ಎತ್ತಬೇಕು, ಅದರಲ್ಲಿ ಎರಡು ಮೂರು ಪ್ರಶ್ನೆ. ಅರ್ಧ ಗಂಟೆ ಯೋಚಿಸಿ, ಅಧ್ಯಾಪಕರ ಎದುರು ಕೂತು ಬಾಯಲ್ಲೇ ಉತ್ತರ ಹೇಳಬೇಕು. ಮಧ್ಯದಲ್ಲಿ ಅವರು ತಡೆದು ಇನ್ನೊಂದು ಕೇಳುತ್ತಾರೆ. ಬಾಯಿಪಾಠ ಮಾಡಿ ಹಾಳೆ ತುಂಬಿಸಿ ರೂಢಿಯಾದ ನಮಗೆ ಮೊದಲ ಚಳಿಗಾಲದ ಪರೀಕ್ಷೆ ನಡುಕ ಹುಟ್ಟಿಸುತ್ತದೆ. ಎರಡನೇ ವರ್ಷದ ಹೊತ್ತಿಗೆ ಇದೇ ಪದ್ಧತಿ ನಿಮ್ಮ ನಾಲಿಗೆಯನ್ನು ಸಡಿಲ ಮಾಡಿರುತ್ತದೆ.

ಖರ್ಚಿನ ಮಾತು. ವಿದೇಶಿ ವಿದ್ಯಾರ್ಥಿಗಳಿಗೆ ರಷ್ಯಾ ಸರ್ಕಾರ ಇಡುವ ಕೋಟಾ ಸೀಟು ಸಿಕ್ಕರೆ ಬೋಧನಾ ಶುಲ್ಕ ಇಲ್ಲ, ಹಾಸ್ಟೆಲ್ ಅಗ್ಗ. ಸ್ಟೈಪೆಂಡ್ ಮಾತ್ರ ತೀರಾ ಸಣ್ಣದು. ಊಟ, ವಿಮಾನ, ವಿಮೆ, ಚಳಿಯ ಬಟ್ಟೆ ನಿಮ್ಮ ಕೈಯಿಂದ. ಅರ್ಜಿ ಆನ್‌ಲೈನ್, ಆರು ವಿಶ್ವವಿದ್ಯಾಲಯಗಳವರೆಗೆ ಆರಿಸಬಹುದು. ಆಯ್ಕೆ ನಡೆಸುವುದು ಭಾರತದಲ್ಲಿರುವ ರಷ್ಯನ್ ಹೌಸ್‌ಗಳು. ನಮಗೆ ಹತ್ತಿರದ್ದು ಚೆನ್ನೈ. ಇದಕ್ಕೆ ಏಜೆಂಟ್ ಬೇಕಿಲ್ಲ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗನ ಮನೆಯವರು ಏಜೆಂಟರೊಬ್ಬರಿಗೆ ದೊಡ್ಡ ಮೊತ್ತ ಕೊಟ್ಟರು. ಆತ ಮಾಡಿದ್ದು ಇದೇ ಉಚಿತ ಫಾರಂ ತುಂಬಿದ್ದು. ಅದರಲ್ಲೂ ವಿಷಯ ತಪ್ಪಾಗಿ ಹಾಕಿ ಹುಡುಗನ ಒಂದು ವರ್ಷ ಹೋಯಿತು. ಅವನ ತಾಯಿ ನನ್ನ ಮುಂದೆ ಅತ್ತದ್ದು ಈಗಲೂ ಕಣ್ಣ ಮುಂದೆ ಇದೆ.

ಇನ್ನು ಯುದ್ಧ. 2022ರ ಫೆಬ್ರವರಿಯಿಂದ ಪರಿಸ್ಥಿತಿ ಬದಲಾಗಿದೆ, ಇದನ್ನು ಮುಚ್ಚಿಟ್ಟು ಸಲಹೆ ಕೊಡೋದು ತಪ್ಪು. ಆ ವರ್ಷದ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಅಲ್ಲಿ ವ್ಯವಹಾರ ನಿಲ್ಲಿಸಿದವು. ಹಾಗಾಗಿ ನಮ್ಮ ಬ್ಯಾಂಕಿನ ಆ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಮೊದಲ ತಿಂಗಳ ಖರ್ಚಿಗೆ ಹಣ ಹೇಗೆ ಒಯ್ಯೋದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಉಕ್ರೇನ್ ಗಡಿಗೆ ಹತ್ತಿರದ ಊರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಕೆಲಸದ ಆಸೆ ತೋರಿಸಿ ಭಾರತೀಯ ಯುವಕರನ್ನು ರಷ್ಯಾದ ಸೇನೆಗೆ ಸೇರಿಸಿದ್ದು 2024ರಲ್ಲಿ ಸುದ್ದಿಯಾಯಿತು. ಅವರಲ್ಲಿ ನಮ್ಮ ಕಲಬುರಗಿ ಕಡೆಯವರೂ ಇದ್ದರು. ವಿದ್ಯಾರ್ಥಿ ಅಲ್ಲಿ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬಾರದು. ಎಷ್ಟೇ ಸಂಬಳ ಹೇಳಲಿ.

ರಷ್ಯಾ ಬೇಡ, ರಷ್ಯನ್ ಬೇಕು ಅನ್ನುವವರಿಗೂ ದಾರಿ ಇದೆ. ಕಿರ್ಗಿಸ್ತಾನದ ಬಿಷ್ಕೆಕ್, ಕಜಕಸ್ತಾನದ ಅಲ್ಮಾಟಿಯಲ್ಲಿ ಪೇಟೆಯ ಮಾತು ರಷ್ಯನ್ನಿನಲ್ಲಿ ನಡೆಯುತ್ತದೆ. 1993ರಲ್ಲಿ ಸ್ಥಾಪನೆಯಾದ ಕಿರ್ಗಿಜ್-ರಷ್ಯನ್ ಸ್ಲಾವಿಕ್ ವಿಶ್ವವಿದ್ಯಾಲಯ ಬಿಷ್ಕೆಕ್‌ನಲ್ಲಿದೆ. 2022ರ ನಂತರ ಬ್ರಿಟನ್ನಿನ ವಿದ್ಯಾರ್ಥಿಗಳೂ ತಮ್ಮ ವಿದೇಶ ವರ್ಷಕ್ಕೆ ಮಧ್ಯ ಏಷ್ಯಾದ ಕಡೆ ತಿರುಗಿದರು. ಪೂರ್ತಿ ಡಿಗ್ರಿಗಿಂತ ಒಂದು ಬೇಸಿಗೆಗೆ ಇದು ಚೆನ್ನ.

ಬೆಂಗಳೂರಲ್ಲೇ, ಬೇರೆ ಡಿಗ್ರಿ ಜತೆ

ಬಿಕಾಂ, ಬಿಸಿಎ, ಎಂಜಿನಿಯರಿಂಗ್ ಏನಾದರೂ ಮಾಡುತ್ತಾ ಸಂಜೆ ರಷ್ಯನ್ ಕಲಿಯೋದು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇವರೇ. ಈಗ ಆ 1100 ಗಂಟೆ ನೆನಪಿಸಿಕೊಳ್ಳಿ. ವಾರಕ್ಕೆ ಮೂರು ದಿನ, ಎರಡೆರಡು ಗಂಟೆ, ವರ್ಷಕ್ಕೆ 40 ವಾರ ಅಂದರೆ 240 ಗಂಟೆ. ನಾಲ್ಕೂವರೆ ವರ್ಷ ಬೇಕು. ಪೂರ್ಣಾವಧಿ ಡಿಗ್ರಿಯಲ್ಲಿ ದಿನಕ್ಕೆ ಮೂರು ಗಂಟೆ ಸಿಕ್ಕರೂ ಎರಡು, ಎರಡೂವರೆ ವರ್ಷಕ್ಕೆ ಅಲ್ಲಿಗೆ ಮುಟ್ಟುತ್ತೀರಿ. ಸಂಜೆ ತರಗತಿಯವರು ಎರಡನೇ ವರ್ಷದಲ್ಲೇ ಜಾಸ್ತಿ ಬಿಟ್ಟುಹೋಗುತ್ತಾರೆ. ಬುದ್ಧಿ ಕಡಿಮೆ ಅಂತಲ್ಲ, ಗಂಟೆ ಸಾಲದು. ಆದರೂ ಕೆಲಸದ ಲೆಕ್ಕದಲ್ಲಿ ಈ ದಾರಿ ಕೆಟ್ಟದ್ದಲ್ಲ.

ಡಿಗ್ರಿ ಮುಗಿದ ಮೇಲೆ

ರಷ್ಯನ್ ಮಾತ್ರ ಬಲ್ಲವರಿಗೆ ಕೆಲಸ ಕಡಿಮೆ. ರಷ್ಯನ್ ಜತೆ ಇನ್ನೊಂದನ್ನು ಬಲ್ಲವರಿಗೆ ಇದೆ. ರಷ್ಯಾ ಮತ್ತು ಸುತ್ತಲಿನ ದೇಶಗಳಿಗೆ ಔಷಧ ಕಳಿಸುವ ಕಂಪನಿಗಳಿಗೆ ಕಾಗದಪತ್ರ ಅನುವಾದಿಸುವವರು ಬೇಕು. ಅಲ್ಲಿ ಫಾರ್ಮಸಿ ಓದಿದವರಿಗೆ ಮೊದಲ ಮಣೆ. ಕೂಡಂಕುಳಂ ಅಣುಸ್ಥಾವರ ರಷ್ಯನ್ ತಂತ್ರಜ್ಞಾನದ್ದು, ಸುಖೋಯ್ ವಿಮಾನ ನಾಸಿಕ್‌ನಲ್ಲಿ ಎಚ್‌ಎಎಲ್ ಕಟ್ಟುತ್ತದೆ. ಇಂಥ ಕಡೆ ತಾಂತ್ರಿಕ ಭಾಷೆ ಬಲ್ಲ ದುಭಾಷಿಗೆ ಬೆಲೆ. ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ರಾಕೆಟ್ ಮೇಲೆ. ಗಗನಯಾನದ ನಾಲ್ವರು ತರಬೇತಿ ಪಡೆದದ್ದೂ ಮಾಸ್ಕೋ ಹತ್ತಿರದ ಗಗಾರಿನ್ ಕೇಂದ್ರದಲ್ಲೇ. ಬೆಂಗಳೂರಿಗೂ ಈ ಭಾಷೆಗೂ ನಂಟು ಹಳೆಯದು. ಕಾಲೇಜಿನಲ್ಲಿ ಪಾಠ ಹೇಳಬೇಕು ಅನ್ನುವವರಿಗೆ, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ರಷ್ಯನ್ ಒಂದು ವಿಷಯವಾಗಿದೆ. ಭಾಷೆಗಿಂತ ರಾಜಕೀಯ, ಇತಿಹಾಸ ಇಷ್ಟವಾದರೆ ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ವಿಭಾಗದಲ್ಲಿ ರಷ್ಯಾ ಮತ್ತು ಮಧ್ಯ ಏಷ್ಯಾಕ್ಕೆ ಬೇರೆಯೇ ಕೇಂದ್ರ ಇದೆ.

ಸಾಹಿತ್ಯಕ್ಕಾಗಿಯೇ ಬರುವವರೂ ಇದ್ದಾರೆ. ರಷ್ಯನ್ನಿನಿಂದ ಕನ್ನಡಕ್ಕೆ ಬಂದದ್ದರಲ್ಲಿ ಬಹುಪಾಲು ಇಂಗ್ಲಿಷಿನ ಮೂಲಕ ಬಂದದ್ದು. ನೇರವಾಗಿ ತರಬಲ್ಲ ಕೈಗಳು ನಮಗೆ ಬೇಕು. "ಮ್ನ್ಯೆ ಖೋಲದ್ನ" ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ "ನಾನು ಚಳಿಯಿಂದಿದ್ದೇನೆ" ಆಗಬಾರದು ಅಲ್ವಾ?

ನನ್ನನ್ನು ಕೇಳಿದರೆ ಹೆಚ್ಚಿನ ಮಕ್ಕಳಿಗೆ ನಾನು ಹೇಳುವುದು ಇದು. ಬಿಎ ಹೈದರಾಬಾದಲ್ಲೋ ದೆಹಲಿಯಲ್ಲೋ ಮಾಡಿ. ಎರಡನೇ ವರ್ಷದ ಬೇಸಿಗೆಯಲ್ಲಿ ಹೇಗಾದರೂ ಎರಡು ತಿಂಗಳು ರಷ್ಯನ್ ಮಾತಾಡುವ ಊರಲ್ಲಿ ಕಳೆಯಿರಿ. ಎಂಎಗೆ ಕೋಟಾದಲ್ಲಿ ರಷ್ಯಾಕ್ಕೆ ಅರ್ಜಿ ಹಾಕಿ. ನಿಮ್ಮ ಮೂರು ವರ್ಷದ ಬಿಎ ಅಲ್ಲಿನ ಎಂಎಗೆ ಸಾಕಾ ಅಂತ ಆ ವಿಶ್ವವಿದ್ಯಾಲಯಕ್ಕೆ ಮೊದಲೇ ಬರೆದು ಕೇಳಿ. ಒಂಟಿತನ ತಡೆಯುವ ಗಟ್ಟಿತನ, ಐದು ವರ್ಷದ ಖರ್ಚಿಗೆ ದಾರಿ, ಬಾಳೆಲ್ಲ ಈ ಭಾಷೆಯ ಜತೆಗೇ ಅನ್ನುವ ನಿರ್ಧಾರ, ಮೂರೂ ಇರುವವರು ಪಿಯುಸಿ ಆದ ತಕ್ಷಣ ಹೊರಡಬಹುದು. ಅಂಥವರನ್ನು ನಾನೂ ತಡೆಯುವುದಿಲ್ಲ.

ಹೊರಡುವವರು ಹೆಸರಿನ ಕಡೆ ಗಮನ ಕೊಡಿ. ರಷ್ಯನ್ ಫಾರಂನಲ್ಲಿ ಅಡ್ಡಹೆಸರು, ಹೆಸರು, ಅಪ್ಪನ ಹೆಸರು ಅಂತ ಮೂರು ಖಾನೆ. ಉತ್ತರ ಕರ್ನಾಟಕದವರಿಗೆ ಇದು ಹೇಳಿಮಾಡಿಸಿದ ಹಾಗಿದೆ. ಹಳೇ ಮೈಸೂರಿನವರ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿದ್ದರೆ ಎರಡೂ ಒಬ್ಬರದ್ದೇ ಅಂತ ತೋರಿಸುವ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಇನ್ನೊಂದು, ರಷ್ಯನ್ನಿನಲ್ಲಿ ನಮ್ಮ "ಹ" ಇಲ್ಲ. ಹರೀಶ ಅಲ್ಲಿ ಒಬ್ಬ ಅನುವಾದಕನ ಕೈಯಲ್ಲಿ "ಖರೀಶ್" ಆಗುತ್ತಾನೆ, ಇನ್ನೊಬ್ಬನ ಕೈಯಲ್ಲಿ "ಗರೀಶ್". ಪಿಯುಸಿ ಅಂಕಪಟ್ಟಿಯ ಅನುವಾದದಲ್ಲಿ ಒಂದು, ಪಾಸ್‌ಪೋರ್ಟಿನ ಅನುವಾದದಲ್ಲಿ ಇನ್ನೊಂದು ಆದರೆ ಅಲ್ಲಿನ ಕಚೇರಿಗೆ ಅವರು ಇಬ್ಬರು ಬೇರೆ ಬೇರೆ ಜನ. ಎಲ್ಲ ಕಾಗದವನ್ನೂ ಒಬ್ಬರೇ ಅನುವಾದಕರ ಹತ್ತಿರ ಒಂದೇ ದಿನ ಮಾಡಿಸಿ, ನಿಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ನೋಡಿ. ಅಷ್ಟು ಓದುವಷ್ಟು ಲಿಪಿ ಹೊರಡುವ ಮೊದಲೇ ಕಲಿತಿರಿ.